ಪಂದ್ಯದ ಟಿಕೆಟ್ ನಿಮಿಷದಲ್ಲಿ ಖಾಲಿಯಾಗುವುದು ಹೇಗೆ? ಫಾರ್ವರ್ಡ್ ಲಿಂಕ್‌ನಲ್ಲಿ ಪಾಸ್ ಸಿಗುತ್ತದೆಯೇ?

‘ಕಂಠೀರವದ ಪಂದ್ಯಕ್ಕೆ ಉಚಿತ ಪಾಸ್. ಲಿಂಕ್ ಒತ್ತಿ, ಹತ್ತು ಗ್ರೂಪ್‌ಗೆ ಕಳಿಸಿ.’ ದೊಡ್ಡ ಪಂದ್ಯ ಹತ್ತಿರ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಈ ಬಗೆಯ ಸಂದೇಶ ಬಂದರೆ ಏನು ಮಾಡಬೇಕು? ನೇರವಾಗಿ ಹೇಳಿಬಿಡುತ್ತೇವೆ: ಡಿಲೀಟ್ ಮಾಡಿ. ಹತ್ತು ಗ್ರೂಪ್‌ಗೆ ಕಳಿಸಿದ್ದನ್ನು ಎಣಿಸಿ ಟಿಕೆಟ್ ಕೊಡುವ ವ್ಯವಸ್ಥೆ ಯಾವ ಕ್ಲಬ್ಬಿನಲ್ಲೂ ಇಲ್ಲ.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಮಾತು, ‘ಟಿಕೆಟ್ ಎಲ್ಲಾ ಬ್ಲ್ಯಾಕ್‌ಗೆ ಹೋಯ್ತು’ ಎಂಬುದು. ಇದು ಅರ್ಧ ಸತ್ಯ. ಬೆಂಗಳೂರು ಎಫ್‌ಸಿ ಆಡುವ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸುಮಾರು 25 ಸಾವಿರ ಜನ ಕೂರಬಹುದು. ಆದರೆ 2018ರ ಮಾರ್ಚ್ 17ರಂದು ಇಲ್ಲಿ ಚೆನ್ನೈಯಿನ್ ವಿರುದ್ಧ ನಡೆದ ಐಎಸ್‌ಎಲ್ ಫೈನಲ್‌ನಂಥ ಪಂದ್ಯಗಳಲ್ಲಿ ಅಷ್ಟೂ ಸೀಟು ಮಾರಾಟಕ್ಕೆ ಬರುವುದಿಲ್ಲ. ಸೀಸನ್ ಟಿಕೆಟ್‌ನವರು, ಪ್ರಾಯೋಜಕರು, ಎದುರಾಳಿ ತಂಡದ ಅಭಿಮಾನಿಗಳು, ಎರಡು ಗುಂಪುಗಳ ನಡುವೆ ಪೊಲೀಸರು ಖಾಲಿ ಬಿಡಿಸುವ ಜಾಗ, ಇವೆಲ್ಲ ಕಳೆದು ಉಳಿದದ್ದಷ್ಟೇ ಆನ್‌ಲೈನ್‌ಗೆ.

ಉಳಿದದ್ದಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದರೆ ಸರ್ವರ್ ಕುಸಿಯುತ್ತದೆ. ಅದಕ್ಕೇ ಆನ್‌ಲೈನ್ ಸರತಿ. ಹಲವು ವ್ಯವಸ್ಥೆಗಳಲ್ಲಿ ಮಾರಾಟ ಶುರುವಾಗುವ ಮೊದಲೇ ಬಂದು ಕಾದವರಿಗೆ ಲಾಟರಿಯಂತೆ ಕ್ರಮಸಂಖ್ಯೆ ಸಿಗುತ್ತದೆ. ಪೇಜನ್ನು ಪದೇ ಪದೇ ರಿಫ್ರೆಶ್ ಮಾಡಿದರೆ ಇದ್ದ ಜಾಗವೂ ಹೋಗಬಹುದು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಯಾರೋ ಸೀಟು ಆರಿಸಿ ಹಣ ಕಟ್ಟುವವರೆಗೆ ಕೆಲವು ನಿಮಿಷ ಆ ಸೀಟು ಲಾಕ್ ಆಗಿರುತ್ತದೆ. ಪಾವತಿ ವಿಫಲವಾದರೆ ಮತ್ತೆ ಹೊರಗೆ ಬರುತ್ತದೆ. ಹಾಗಾಗಿ ‘ಖಾಲಿ’ ಎಂದು ಕಂಡ ಹತ್ತು ನಿಮಿಷದ ನಂತರ ಇನ್ನೊಮ್ಮೆ ನೋಡಿ, ನಷ್ಟವೇನಿಲ್ಲ.

ಹೊರದೇಶಗಳಲ್ಲಿ ಬೇಡಿಕೆ ಇನ್ನೂ ವಿಪರೀತ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬು ಸದಸ್ಯರಿಗೂ ಚೀಟಿ ಎತ್ತುವ ಪದ್ಧತಿ ತಂದಿದೆ. ಅಲ್ಲಿ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ.

ಅರ್ಧ ಬೆಲೆಗೆ ಸ್ಕ್ರೀನ್‌ಶಾಟ್ ಮಾರುವವರ ಬಗ್ಗೆ ಎಚ್ಚರ. ಕ್ಯೂಆರ್ ಕೋಡ್ ಗೇಟಿನಲ್ಲಿ ಒಮ್ಮೆ ಮಾತ್ರ ನಡೆಯುತ್ತದೆ. ಅದೇ ಚಿತ್ರವನ್ನು ಹತ್ತು ಜನಕ್ಕೆ ಮಾರಿದ್ದರೆ ಮೊದಲು ಬಂದವನು ಒಳಗೆ, ಒಂಬತ್ತು ಜನ ಹೊರಗೆ. ನಿಮ್ಮ ಟಿಕೆಟ್ಟನ್ನು ಸ್ಟೇಟಸ್‌ಗೆ ಹಾಕಿಕೊಳ್ಳುವುದೂ ಅಷ್ಟೇ ಅಪಾಯ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅದು ಕ್ರಿಕೆಟ್, ನಿಜ. ಆದರೆ ಸುಮಾರು 35 ಸಾವಿರ ಜನ ಹಿಡಿಸುವ ಜಾಗಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರೆಂದು ಮುಖ್ಯಮಂತ್ರಿಯವರೇ ಹೇಳಿದರು. ಸೀಮಿತ ಉಚಿತ ಪಾಸ್ ಇದೆ ಎಂಬ ಸುದ್ದಿ ಅದೇ ಮಧ್ಯಾಹ್ನ ಮೊಬೈಲ್‌ಗಳಲ್ಲಿ ಹರಡಿತ್ತು.

ನೆಲಮಂಗಲದವರು ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಕಬ್ಬನ್ ಪಾರ್ಕ್ ತಲುಪಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯವರು ವಾಪಸ್ಸು ಬರುವುದನ್ನೂ ಯೋಚಿಸಿ. ಟಿಕೆಟ್ ಕೈಯಲ್ಲಿಲ್ಲದೆ ‘ಅಲ್ಲೇ ಸಿಗುತ್ತೆ’ ಎಂದು ಹೊರಡಬೇಡಿ. ಟಿಕೆಟ್ ಕೊಡುವ ಕೊಂಡಿಯನ್ನು ಕ್ಲಬ್ಬಿನ ಅಧಿಕೃತ ಖಾತೆಯಿಂದಲೇ ತೆರೆಯಿರಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ‘ರೀಫಂಡ್’ ಎಂದು ಪಿನ್ ಕೇಳಿದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ.