ಚರಿತ್ರೆಯ ಲಾವಣಿ: ಶೋಧನೆಯೂ ಸಾಧನೆಯೂ



ಒಬ್ಬರೇ ಕುಳಿತು ಹಾಡಲು ತಕ್ಕ ಚಾರಿತ್ರಿಕ ಗೀತೆಗಳು ಕನ್ನಡದಲ್ಲಿ ಎಲ್ಲಿವೆ, ಅವನ್ನು ಕಲಿಯುವ ಬಗೆ ಯಾವುದು ಎಂಬ ಪ್ರಶ್ನೆ ಸಂಗೀತಾಸಕ್ತರಲ್ಲಿ ಆಗಾಗ ಏಳುವುದುಂಟು. ಕೆಂಗೇರಿ ಉಪನಗರದಂತಹ ಹೊಸ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಅರ್ಥವಿದೆ. ನಾನಾ ಜಿಲ್ಲೆಗಳ ಕುಟುಂಬಗಳು ಅಲ್ಲಿ ನೆರೆಹೊರೆಯಾಗಿ ನೆಲಸಿವೆ. ಆದರೆ ಊರಿನ ಮೇಳ ಅವರೊಡನೆ ಬಂದಿಲ್ಲ. ಹಾಡುವವರಿಗೆ ತಮ್ಮ ಕಂಠವೊಂದೇ ಆಸರೆ. ಆದುದರಿಂದ ಹಲಗಲಿಯ ಬೇಡರ ಲಾವಣಿಯನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡೋಣ.

ಹಲಗಲಿಯು ಇಂದಿನ ಬಾಗಲಕೋಟೆ ಜಿಲ್ಲೆಯ ಒಂದು ಗ್ರಾಮ. 1857ರಲ್ಲಿ ಅದು ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಉತ್ತರ ಹಿಂದೂಸ್ಥಾನದಲ್ಲಿ ದಂಗೆಯೆದ್ದ ಆ ವರ್ಷ, ಪ್ರಜೆಗಳು ತಮ್ಮ ಆಯುಧಗಳನ್ನು ಒಪ್ಪಿಸತಕ್ಕದ್ದೆಂದು ಆಜ್ಞೆ ಹೊರಟಿತು. ಬೇಟೆಯೇ ಕುಲವೃತ್ತಿಯಾದ ಬೇಡರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅವರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು.

ಈ ಕಥೆಯನ್ನು ಲಾವಣಿಕಾರರು ಹಾಡಿಕೊಂಡು ಬಂದರು. ಅದನ್ನು ಬರಹಕ್ಕಿಳಿಸಿ ಉಳಿಸಿದವರು ಯಾರು? ಸೋತವರ ಪಕ್ಷದವರಲ್ಲ, ಗೆದ್ದ ಸರ್ಕಾರದ ಅಧಿಕಾರಿಯೇ! ಶಾಸನಶಾಸ್ತ್ರಜ್ಞರೆಂದು ಹೆಸರಾದ ಜಾನ್ ಫೇತ್‌ಫುಲ್ ಫ್ಲೀಟರು 1885ರಿಂದ ಮುಂದಕ್ಕೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಆಯ್ದ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲೊಂದು. ಹಲಗಲಿಯ ಕದನ ನಡೆದು ಆಗ್ಗೆ ಸುಮಾರು ಮೂವತ್ತು ವರ್ಷಗಳು ಮಾತ್ರ. ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಿರಬಹುದಾದ ಕಾಲ. ಮುಂದೆ ಬಿ. ಎಸ್. ಗದ್ದಗಿಮಠರು ತಮ್ಮ ಜನಪದಗೀತೆಗಳ ಸಂಗ್ರಹದಲ್ಲಿ ಈ ಲಾವಣಿಗೆ ಸ್ಥಾನವಿತ್ತರು. ಶಾಲೆಯ ಪಠ್ಯಪುಸ್ತಕದ ಮೂಲಕ ಅದು ಮಕ್ಕಳ ಬಾಯಿಗೂ ಬಂದಿತು.

ಸರ್ಕಾರಿ ಕಾಗದಗಳು ದಂಡು ಹೊರಟ ದಿನವನ್ನೂ ಸತ್ತವರ ಲೆಕ್ಕವನ್ನೂ ಹೇಳುವುವು. ಲಾವಣಿಯಾದರೋ ಲೂಟಿಯಾದ ಮನೆಯೊಳಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಬೀಸುಕಲ್ಲು, ಮಂಗಳಸೂತ್ರ, ಹೀಗೆ ದಂಡಿನವರು ಒಯ್ದ ವಸ್ತುಗಳನ್ನು ಕವಿ ಒಂದೊಂದಾಗಿ ಎಣಿಸುತ್ತಾನೆ. ಹಾಡುವವರು ಇದನ್ನು ಬರಿಯ ಪಟ್ಟಿಯೆಂದು ಭಾವಿಸಿ ಓಡಿಸಿಬಿಟ್ಟರೆ ಲಾವಣಿಯ ಪ್ರಾಣವೇ ಹೋದಂತೆ. ಒಂದು ಊರು ಹೇಗೆ ಬರಿದಾಯಿತೆಂಬುದಕ್ಕೆ ಇದೇ ಸಾಕ್ಷ್ಯ.

ಇನ್ನು ಕಲಿಯುವ ಕ್ರಮ. ಮೊದಲು ಎರಡು ಪಾಠಗಳನ್ನಾದರೂ ಎದುರುಬದುರಿಟ್ಟು ಓದಬೇಕು. ಕೆಂಗೇರಿಯವರಿಗೆ ಜ್ಞಾನಭಾರತಿಯ ವಿಶ್ವವಿದ್ಯಾನಿಲಯ ಸಮೀಪದಲ್ಲೇ ಇದೆ. ಅಂತಹ ಗ್ರಂಥಾಲಯಗಳಲ್ಲಿ ಅರಸಬಹುದು. ಹಳೆಯ ‘ಆಂಟಿಕ್ವರಿ’ ಸಂಪುಟಗಳು ಈಗ ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಎರಡನೆಯದಾಗಿ, ಉತ್ತರದ ನುಡಿಯನ್ನು ಗ್ರಂಥಭಾಷೆಗೆ ತಿದ್ದಕೂಡದು. ತಿದ್ದಿದೊಡನೆ ಪ್ರಾಸವೂ ನಡೆಯೂ ಕೆಡುವುವು. ಆ ಸೀಮೆಯ ಹಿರಿಯರೊಬ್ಬರು ನೆರೆಮನೆಯಲ್ಲಿದ್ದರೆ ಅವರಿಂದ ಉಚ್ಚಾರಣೆಯನ್ನು ಕೇಳಿ ಕಲಿಯುವುದು ಲೇಸು.

ಮೂರನೆಯದು ಕಷ್ಟತರವಾದದ್ದು. ಮೇಳದ ಹಾಡಿಕೆಯಲ್ಲಿ ಮುಂದಿನವನು ನುಡಿಯನ್ನು ಮುಗಿಸುತ್ತಲೇ ಹಿಮ್ಮೇಳದವರು ಪಲ್ಲವಿಯನ್ನೆತ್ತಿಕೊಳ್ಳುವರು. ಅಷ್ಟರಲ್ಲಿ ಅವನಿಗೆ ಉಸಿರು ದೊರೆಯುತ್ತದೆ, ಕೇಳುವವರಿಗೆ ಯೋಚಿಸಲು ಅವಕಾಶ ದೊರೆಯುತ್ತದೆ. ಒಬ್ಬರೇ ಹಾಡುವಾಗ ಪಲ್ಲವಿಯನ್ನು ಕತ್ತರಿಸಿಬಿಡುವ ಆಸೆ ಸಹಜ. ಅದು ಸಲ್ಲದು. ಆ ಎಡೆಯನ್ನು ದಪ್ಪಿಗೆ ಬಿಟ್ಟುಕೊಡಬಹುದು, ಇಲ್ಲವೆ ಪಲ್ಲವಿಯನ್ನು ತಗ್ಗಿದ ದನಿಯಲ್ಲಿ ತಾವೇ ಹೇಳಿಕೊಳ್ಳಬಹುದು. ಕಥೆ ದೀರ್ಘವಾಯಿತೆಂದರೆ ಪ್ರಸಂಗವೊಂದನ್ನು ಬಿಡಬಹುದೇ ಹೊರತು ನುಡಿಗಳ ನಡುವಣ ಬಿಡುವನ್ನು ಬಿಡಬಾರದು.

ಲಾವಣಿಯೆಲ್ಲವೂ ಅಕ್ಷರಶಃ ಚರಿತ್ರೆಯೆಂದು ನಾವು ಹೇಳುವುದಿಲ್ಲ. ಕವಿ ಉತ್ಪ್ರೇಕ್ಷೆ ಮಾಡುತ್ತಾನೆ, ವೀರರನ್ನು ಮೆರೆಸುತ್ತಾನೆ. ಹಾಡುವ ಮುನ್ನ ವರ್ಷ, ಸ್ಥಳ, ಕಾರಣಗಳನ್ನು ಸಭೆಗೆ ಎರಡು ಮಾತುಗಳಲ್ಲಿ ತಿಳಿಸಿದರೆ ಆ ಕೊರತೆ ತೀರುತ್ತದೆ. ಜಡಗ, ಬಾಲ, ಹನುಮ, ರಾಮರು ತಾವಾಗಿ ಏನನ್ನೂ ಬರೆದಿಟ್ಟು ಹೋದವರಲ್ಲ. ಅವರ ಪರವಾದ ಮಾತು ಇಂದಿಗೂ ಕೇಳಬರುವುದು ಹಾಡುವವರ ಬಾಯಿಂದ. ಅದನ್ನು ಎಚ್ಚರದಿಂದ ಕಲಿಯುವುದು ನಮ್ಮೆಲ್ಲರ ಮೇಲಿರುವ ಋಣ.