ಕರ್ಕ್ಯುಮಿನ್–ಆರ್ಟೀಥರ್ ಜೋಡಿ ಚಿಕಿತ್ಸೆ

ಮದ್ದಿಗೆ ಜಗ್ಗದ ಮಲೇರಿಯಾ ಪರಾವಲಂಬಿಯನ್ನು ಅರಿಶಿನದ ಕರ್ಕ್ಯುಮಿನ್ ನೆರವಿನಿಂದ ಮಣಿಸುವ ಪ್ರಯೋಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್, ಪಿ. ಎನ್. ರಂಗರಾಜನ್ ಮತ್ತು ಸಂಗಡಿಗರು 2000ದ ದಶಕದಲ್ಲಿ ಇದನ್ನು ನಡೆಸಿದರು.

ಮಲೇರಿಯಾ ಮದ್ದಿನ ಚರಿತ್ರೆ ಬಹುಪಾಲು ಗಿಡಮರಗಳದ್ದೇ. ಸಿಂಕೋನಾ ತೊಗಟೆಯಿಂದ 1820ರಲ್ಲಿ ಕ್ವಿನೈನ್ ಬೇರ್ಪಡಿಸಿದ ಇಬ್ಬರಲ್ಲಿ ಒಬ್ಬರಾದ ಪೆಲ್ಟಿಯೇ, ಐದು ವರ್ಷ ಮೊದಲೇ ವೋಗೆಲ್ ಜೊತೆಗೂಡಿ ಅರಿಶಿನದ ಹಳದಿ ದ್ರವ್ಯವಾದ ಕರ್ಕ್ಯುಮಿನ್ ಅನ್ನೂ ತೆಗೆದಿದ್ದರು. ಎರಡೂ ಒಂದೇ ರೋಗದ ಚರ್ಚೆಗೆ ಬರಲು ಸುಮಾರು ಎರಡು ಶತಮಾನ ಹಿಡಿಯಿತು. ನಡುವೆ ಬಂದ ಕ್ಲೋರೊಕ್ವಿನ್ 1950ರ ದಶಕದ ಕೊನೆಗೆ ಥಾಯ್ಲೆಂಡ್–ಕಾಂಬೋಡಿಯ ಗಡಿಯಲ್ಲಿ ಸೋಲತೊಡಗಿತು. ಭಾರತದಲ್ಲಿ ಈ ಸೋಲು 1973ರಲ್ಲಿ ಅಸ್ಸಾಮಿನಲ್ಲಿ ಕಂಡಿತು. ಚೀನಾದ ಟೂ ಯೂಯೂ ತಂಡ 1972ರಲ್ಲಿ ಗಿಡವೊಂದರಿಂದ ತೆಗೆದ ಆರ್ಟೆಮಿಸಿನಿನ್ ಆ ಜಾಗ ತುಂಬಿತು. ಆದರೆ ಅದು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುವುದರಿಂದ ಅಳಿದುಳಿದ ಪರಾವಲಂಬಿಗಳು ಬೆಳೆದು ಜ್ವರ ಮರುಕಳಿಸುತ್ತದೆ. ಜೊತೆಗೆ ಇನ್ನೊಂದು ಮದ್ದು ಇರಲೇಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೇಳಿತು.

ಕ್ಲೋರೊಕ್ವಿನ್‌ಗೆ ಬಗ್ಗದ ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಮ್‌ನ ಬೆಳವಣಿಗೆಯನ್ನು ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ತಡೆಯುತ್ತದೆ ಎಂದು ಬೆಂಗಳೂರು ತಂಡ 2005ರಲ್ಲಿ ವರದಿ ಮಾಡಿತು. ಪ್ಲಾಸ್ಮೋಡಿಯಂ ಬರ್ಗೈ ಸೋಂಕಿದ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ರಕ್ತದಲ್ಲಿನ ಪರಾವಲಂಬಿ ಶೇ. 80–90ರಷ್ಟು ಇಳಿಯಿತು. ಮುಂದಿನ ವರ್ಷದ ಪ್ರಯೋಗ ಇದಕ್ಕಿಂತ ಮಹತ್ವದ್ದು. ಆರ್ಟೆಮಿಸಿನಿನ್ ಬಳಗದ ಆರ್ಟೀಥರ್‌ನ ಒಂದೇ ಚುಚ್ಚುಮದ್ದು ಕೊಟ್ಟರೆ ಸೋಂಕು ಮರುಕಳಿಸುತ್ತಿತ್ತು; ಅದರ ಬೆನ್ನಿಗೇ ಮೂರು ಸಲ ಕರ್ಕ್ಯುಮಿನ್ ಕುಡಿಸಿದಾಗ ಮರುಕಳಿಕೆ ನಿಂತು ಹೆಚ್ಚುಕಡಿಮೆ ಎಲ್ಲ ಇಲಿಗಳೂ ಬದುಕಿದವು. ಕರ್ಕ್ಯುಮಿನ್ ಪರಾವಲಂಬಿಯನ್ನು ಕೊಲ್ಲುವುದಷ್ಟೇ ಅಲ್ಲ, ಅದರ ವಿರುದ್ಧ ಪ್ರತಿಕಾಯಗಳು ಹುಟ್ಟುವಂತೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನೂ ಹುರಿಗೊಳಿಸುತ್ತದೆ ಎಂಬುದು 2012ರ ಅಧ್ಯಯನದಲ್ಲಿ ತಿಳಿಯಿತು. ಮದ್ದಿಗೆ ಒಗ್ಗಿಕೊಂಡ ಪರಾವಲಂಬಿಗೆ ಈ ದಾಳಿಯನ್ನು ತಪ್ಪಿಸಿಕೊಳ್ಳುವುದು ಕಷ್ಟವಾಗಬಹುದೆಂಬುದೇ ಇದರ ಆಕರ್ಷಣೆ.

ಆದರೂ ಬರ್ಗೈ ಇಲಿ ಜಾತಿಗಳ ಪರಾವಲಂಬಿ, ಮನುಷ್ಯರದ್ದಲ್ಲ. ನುಂಗಿದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಒಣ ಅರಿಶಿನದಲ್ಲಿ ಅದು ಇರುವುದೇ ಶೇ. 3ರ ಆಸುಪಾಸು. ಸಾರಿಗೆ ಬೀಳುವ ಚಿಟಿಕೆ ಪುಡಿಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಚೆನ್ನಾಗಿ ಹೀರಲ್ಪಡುವ ಸೂಕ್ಷ್ಮ ಕಣರೂಪದ ಕರ್ಕ್ಯುಮಿನ್ ತಯಾರಿಸುವ ಯತ್ನಗಳು ನಡೆದಿವೆ. ಮಲೇರಿಯಾದ ಅಧಿಕೃತ ಚಿಕಿತ್ಸಾ ಕ್ರಮದಲ್ಲಿ ಅದಕ್ಕೆ ಇನ್ನೂ ಸ್ಥಾನ ದೊರೆತಿಲ್ಲ.