ಬಿದನೂರು ನಗರದ ಶಸ್ತ್ರಾಗಾರ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದರು. ಗುರುವರ್ಯರ ಸೇವೆಯನ್ನೂ ದೇವಾಲಯದ ಕಟ್ಟಡದ ವೃತ್ತಾಂತವನ್ನೂ ಬರೆಯಲು ನನಗಿಂತ ಅರ್ಹರಾದವರು ಇರುವುದರಿಂದ, ನಾನು ನಮ್ಮ ಸೀಮೆಯದೇ ಆದ ಒಂದು ಸ್ಥಳದ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಹುಂಚವೆಂದೊಡನೆ ಸಾಂತರಸರ ಪೊಂಬುರ್ಚವೂ ಪಂಚಕೂಟ ಬಸದಿಯೂ ಪದ್ಮಾವತಿ ಅಮ್ಮನವರ ಸನ್ನಿಧಿಯೂ ನೆನಪಿಗೆ ಬರುತ್ತವೆ. ಆದರೆ ಇದೇ ಹೊಸನಗರ ತಾಲ್ಲೂಕಿನ ಬಿದನೂರು ನಗರವು ಒಂದು ಕಾಲದಲ್ಲಿ ರಾಜ್ಯದ ಮುಖ್ಯ ಶಸ್ತ್ರಾಗಾರವಾಗಿದ್ದಿತೆಂಬುದನ್ನೂ, ಆ ಕೋಟೆ ಕೈಬದಲಾದ ಪರಿಣಾಮವನ್ನು ನಮ್ಮ ಪೂರ್ವಿಕರು ಅನುಭವಿಸಬೇಕಾಯಿತೆಂಬುದನ್ನೂ ಬಲ್ಲವರು ವಿರಳ.

ಬಿದಿರು ಮೆಳೆಗಳ ನಡುವಣ ಹಳ್ಳಿಯಾಗಿದ್ದ ಬಿದರೂರು 1639ರ ಸುಮಾರಿಗೆ ಕೆಳದಿ ಅರಸರ ರಾಜಧಾನಿಯಾಯಿತು. ವೇಣುಪುರವೆಂಬ ಹೆಸರೂ ಅದಕ್ಕೆ ಬಿದಿರಿನಿಂದಲೇ ಬಂದಿತು. ಶಿವಪ್ಪನಾಯಕನ ಕಾಲದಲ್ಲಿ ಅದು ಬೆಳೆದು ಮಹಾನಗರವಾಯಿತು. ಕರಾವಳಿಯ ಅಕ್ಕಿ, ಮಲೆನಾಡಿನ ಮೆಣಸು, ಇವೆರಡರ ವ್ಯಾಪಾರದ ಹಿಡಿತ ಈ ಅರಸರ ಕೈಯಲ್ಲಿದ್ದಿತು. ರಾಣಿ ಚೆನ್ನಮ್ಮಾಜಿಯು 1678ರಲ್ಲಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅನುಮತಿಯಿದ್ದಿತು. ಗೋವೆಯಿಂದ ಬಂದು ಕನ್ನಡ ಕರಾವಳಿಯಲ್ಲಿ ನೆಲೆಸಿದ ಕ್ರೈಸ್ತರು ಹೀಗೆ ಬಿದನೂರಿನ ಪ್ರಜೆಗಳಾಗಿಯೇ ಬೇರೂರಿದರು. ಇದನ್ನು ನಾವು ಮರೆಯಲಾಗದು.

1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡನು. ಸೆರೆಯಲ್ಲಿದ್ದ ಮಂತ್ರಿ ಲಿಂಗಣ್ಣನು ತೋರಿಸಿದ ಗುಪ್ತಮಾರ್ಗದಿಂದ ಸೈನ್ಯವು ಒಳನುಗ್ಗಿತೆಂದು ಹೇಳುತ್ತಾರೆ. ರಾಣಿ ವೀರಮ್ಮಾಜಿಯು ಸೆರೆಯಾಗಿ ಮಧುಗಿರಿಯ ದುರ್ಗವನ್ನು ಸೇರಿದಳು. ಹೈದರನು ಈ ಊರಿಗೆ ಹೈದರ್ ನಗರವೆಂದು ತನ್ನ ಹೆಸರನ್ನೇ ಇಟ್ಟು, ಇಲ್ಲಿಯೇ ಟಂಕಶಾಲೆಯನ್ನು ನಡೆಸಿ ತನ್ನ ಹೆಸರಿನ ನಾಣ್ಯಗಳನ್ನು ಹೊರಡಿಸಿದನು. ರಾಜ್ಯದ ಮುಖ್ಯ ಶಸ್ತ್ರಾಗಾರವನ್ನೂ ಇಲ್ಲಿಯೇ ಸ್ಥಾಪಿಸಿದನು. ಆಯುಧಗಳನ್ನೂ ಮದ್ದುಗುಂಡುಗಳನ್ನೂ ತಯಾರಿಸಲು ಇಲ್ಲಿ ಬಹುಸಂಖ್ಯೆಯ ಕೆಲಸಗಾರರು ದುಡಿಯುತ್ತಿದ್ದರೆಂದು ಹಳೆಯ ಗೆಜೆಟಿಯರು ತಿಳಿಸುತ್ತದೆ.

ಇಂತಹ ಕಾರ್ಖಾನೆಗೆ ಈ ಮಳೆಕಾಡೇ ಏಕೆ ಎಂದು ವಾಚಕರು ಕೇಳಬಹುದು. ಸುತ್ತಲೂ ದಟ್ಟವಾದ ಅರಣ್ಯ, ಪಶ್ಚಿಮಕ್ಕೆ ಹೊಸಂಗಡಿ ಘಟ್ಟದ ಕಡಿದಾದ ದಾರಿ. ಶತ್ರುವು ಸುಲಭವಾಗಿ ಬರುವಂತಿಲ್ಲ. ಘಟ್ಟವಿಳಿದರೆ ಕುಂದಾಪುರದ ಬಂದರು. ಕುಲುಮೆಗೆ ಬೇಕಾದ ಇದ್ದಲಿಗೆ ಕಾಡು ಕೈಗೆಟುಕುವಂತಿದ್ದಿತು. ಕಬ್ಬಿಣದ ಅದಿರಿಗೆ ಕೊಡಚಾದ್ರಿಯ ಸೀಮೆ ಹೆಸರಾದುದು. ಆ ಬೆಟ್ಟದ ಮೇಲೆ ನಿಂತಿರುವ ಕಬ್ಬಿಣದ ಕಂಬವನ್ನು ಕಂಡವರಿಗೆ ಈ ನಾಡಿನ ಕಮ್ಮಾರರ ಕೈಚಳಕವನ್ನು ಬೇರೆ ವಿವರಿಸಬೇಕಾಗಿಲ್ಲ. ಇನ್ನು ಬಿದಿರು; ಅದು ಊರಿನ ಹೆಸರಿನಲ್ಲಿಯೇ ಇದೆ.

ಬಿದಿರಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. ಮೈಸೂರಿನ ಸೈನ್ಯಕ್ಕೆ ಲೋಕಪ್ರಸಿದ್ಧಿಯನ್ನು ತಂದ ಅಗ್ನಿಬಾಣಕ್ಕೆ, ಎಂದರೆ ರಾಕೆಟ್ಟಿಗೆ, ಬೇಕಾದುದು ಕಬ್ಬಿಣ, ಮದ್ದು ಮತ್ತು ಬಿದಿರು. ಬೇರೆಡೆಗಳಲ್ಲಿ ಮದ್ದನ್ನು ಕಾಗದದ ಇಲ್ಲವೇ ಬಿದಿರಿನ ಕೊಳವೆಯಲ್ಲಿ ತುಂಬುತ್ತಿದ್ದರು. ಒತ್ತಡ ಹೆಚ್ಚಿದರೆ ಕೊಳವೆಯೇ ಸಿಡಿದುಹೋಗುತ್ತಿದ್ದಿತು. ಮೈಸೂರಿನವರು ಕಬ್ಬಿಣದ ಕೊಳವೆಯನ್ನು ಬಳಸಿದ್ದರಿಂದ ಮದ್ದನ್ನು ಬಿಗಿಯಾಗಿ ಅಡಕಲು ಸಾಧ್ಯವಾಗಿ, ಬಾಣವು ಹೆಚ್ಚು ದೂರ ಹಾರತೊಡಗಿತು. ಕೊಳವೆಯನ್ನು ಉದ್ದನೆಯ ಬಿದಿರ ಗಳುವಿಗೆ ತೊಗಲಿನ ಪಟ್ಟಿಯಿಂದ ಕಟ್ಟುತ್ತಿದ್ದರು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದುದು ಈ ಬಾಣಗಳಿಂದಲೇ ಎನ್ನುತ್ತಾರೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗಗಳೊಡನೆ ಬಿದನೂರಿನಲ್ಲಿಯೂ ‘ತಾರಾಮಂಡಲ ಪೇಟೆ’ ಇದ್ದಿತು. ಶ್ರೀರಂಗಪಟ್ಟಣದ ಪತನಾನಂತರ ಇಂತಹ ಬಾಣಗಳು ಇಂಗ್ಲೆಂಡಿನ ವುಲ್ವಿಚ್ಚನ್ನು ಸೇರಿದವು. ಅವುಗಳ ಮಾದರಿಯಿಂದಲೇ ವಿಲಿಯಂ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಕಾಂಗ್ರೀವನ ಹೆಸರು ಪುಸ್ತಕಗಳಲ್ಲಿದೆ. ಮಲೆನಾಡಿನ ಕುಲುಮೆಗಳ ಮುಂದೆ ಬೆವರಿಳಿಸಿದವರ ಹೆಸರು ಎಲ್ಲಿಯೂ ಇಲ್ಲ.

ಈಗ ನಮ್ಮ ಸಮಾಜಕ್ಕೆ ಸಂಬಂಧಿಸಿದ ಭಾಗಕ್ಕೆ ಬರೋಣ. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಆಗ ನಗರದ ಅಧಿಪತಿಯಾಗಿದ್ದವನು ಹೈದರನ ಪ್ರೀತಿಪಾತ್ರನೂ ಟಿಪ್ಪುವಿನ ಅವಿಶ್ವಾಸಕ್ಕೆ ಗುರಿಯಾದವನೂ ಆದ ಶೇಖ್ ಅಯಾಜ್. ಮುಂಬಯಿಯ ಜನರಲ್ ಮ್ಯಾಥ್ಯೂಸನು ಕರಾವಳಿಯಲ್ಲಿಳಿದು, ಹೊಸಂಗಡಿ ಘಟ್ಟವನ್ನು ಹತ್ತಿಬಂದಾಗ, 1783ರ ಜನವರಿಯಲ್ಲಿ ಅಯಾಜನು ಕೋಟೆಯನ್ನು ಒಪ್ಪಿಸಿಬಿಟ್ಟನು. ರಾಜ್ಯದ ಮುಖ್ಯ ಆಯುಧಶಾಲೆಯು ಹೀಗೆ ಶತ್ರುವಿನ ಪಾಲಾಯಿತು. ಟಿಪ್ಪುವು ಮಹಾಸೈನ್ಯದೊಡನೆ ಬಂದು ಮುತ್ತಿಗೆ ಹಾಕಿ, ಕೆಲವೇ ತಿಂಗಳಲ್ಲಿ ಅದನ್ನು ಮರಳಿ ಪಡೆದನು. ಆ ಹೋರಾಟದಲ್ಲಿ ಅರಮನೆಯು ಬೆಂಕಿಗೆ ತುತ್ತಾಯಿತು. ಮ್ಯಾಥ್ಯೂಸನು ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಮೃತನಾದನು. ಅಯಾಜನು ಇಂಗ್ಲಿಷರೊಡನೆ ಸುರಕ್ಷಿತವಾಗಿ ಮುಂಬಯಿ ಸೇರಿದನು.

ಸಿಟ್ಟು ತಿರುಗಿದುದು ಬೇರೆಯವರ ಮೇಲೆ. ಕರಾವಳಿಯ ಕ್ರೈಸ್ತರು ಮ್ಯಾಥ್ಯೂಸನಿಗೆ 3,30,000 ರೂಪಾಯಿ ಕೊಟ್ಟು ನೆರವಾದರೆಂಬ ಆರೋಪ ಹುಟ್ಟಿತು. 1784ರಲ್ಲಿ ತಪಸ್ಸುಕಾಲದ ಆರಂಭವಾದ ಬೂದಿ ಬುಧವಾರದ ಹೊತ್ತಿಗೆ ಅವರನ್ನು ಊರೂರುಗಳಿಂದ ಹಿಡಿದು, ಘಟ್ಟವನ್ನು ಹತ್ತಿಸಿ, ಕೊಡಗಿನ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆಯಾದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ ಬೇರೆಬೇರೆಯಾಗಿ ಹೇಳುತ್ತಾರೆ. ದಾರಿಯಲ್ಲಿಯೇ ಸತ್ತವರು ಅಸಂಖ್ಯರು. ಇಗರ್ಜಿಗಳು ನೆಲಸಮವಾದವು. ಬದುಕುಳಿದವರಿಗೆ ಬಿಡುಗಡೆ ದೊರೆತುದು 1799ರಲ್ಲಿ, ಹದಿನೈದು ವರ್ಷಗಳ ಮೇಲೆ.

ಕೆಲವರು ಇಂಗ್ಲಿಷರಿಗೆ ನೆರವಾಗಿದ್ದಿರಬಹುದು. ಯುದ್ಧಕಾಲದಲ್ಲಿ ಬಲಿಷ್ಠನು ಮನೆಬಾಗಿಲಿಗೆ ಬಂದು ಕೇಳಿದರೆ ಅಕ್ಕಿಯನ್ನೋ ಹಣವನ್ನೋ ಕೊಡದವರು ಯಾವ ಜಾತಿಯಲ್ಲಿದ್ದಾರೆ? ಆದರೆ ಕೋಟೆಯ ಬಾಗಿಲನ್ನು ತೆರೆದವನು ಅದರ ಅಧಿಪತಿ. ಹೊಲಗೇಯುವವರೂ ಹಾಲು ಕುಡಿಯುವ ಕೂಸುಗಳೂ ತೆರೆದವರಲ್ಲ. ಇದನ್ನು ಹೇಳುವಾಗ ದ್ವೇಷವನ್ನು ಬಿತ್ತುವ ಉದ್ದೇಶ ನನ್ನದಲ್ಲ. ಅಗ್ನಿಬಾಣದ ಹೆಮ್ಮೆಯನ್ನು ಹೇಳುವವರು ಸೆರೆಯ ಮಾತನ್ನು ನುಂಗುವುದೂ, ಸೆರೆಯ ಕಥೆಯನ್ನು ಹೇಳುವವರು ಅಗ್ನಿಬಾಣದ ಮಾತನ್ನು ಬಿಡುವುದೂ ನಮ್ಮಲ್ಲಿ ರೂಢಿಯಾಗಿದೆ. ಎರಡೂ ಒಂದೇ ಕೋಟೆಗೆ ಸಂಬಂಧಿಸಿದವು ಎಂದಷ್ಟೇ ಹೇಳಬಯಸುತ್ತೇನೆ. ಆ ಕರಾವಳಿಯ ಕುಟುಂಬಗಳ ಮುಂದಿನ ಪೀಳಿಗೆಯವರು ಅನೇಕರು ಅದೇ ಘಟ್ಟವನ್ನು ಹತ್ತಿ, ಕೂಲಿಗೂ ಕೃಷಿಗೂ ಎಂದು ಈ ಮಲೆನಾಡಿಗೆ ಬಂದು ನೆಲೆಸಿದರು.

ಟಿಪ್ಪುವು ಅರಮನೆಯನ್ನು ಪುನಃ ಕಟ್ಟಿಸಿ ಟಂಕಶಾಲೆಯನ್ನು ಮತ್ತೆ ತೆರೆಸಿದರೂ, ನಗರಕ್ಕೆ ಹಿಂದಿನ ವೈಭವ ಮರಳಲಿಲ್ಲ. ಮುಂದೆ ತಾಲ್ಲೂಕಿನ ಕೇಂದ್ರವೂ ಕಲ್ಲೂರುಕಟ್ಟೆಗೆ ಹೋಗಿ, ಅದು ಹೊಸನಗರವೆನಿಸಿತು. ಹಳೆಯ ನಗರದಲ್ಲಿ ಕೋಟೆಯ ಗೋಡೆಗಳೂ ಕೊಳಗಳೂ ಉಳಿದವು.

ಮದ್ದಿನ ಮನೆಗಳ ಸುದ್ದಿಯನ್ನು ಮತ್ತೆ ಎಬ್ಬಿಸಿದುದು ಒಂದು ಬಾವಿ. 2002ರಲ್ಲಿ ನಗರದ ಪಾಳುಬಾವಿಯೊಂದರಲ್ಲಿ ತುಕ್ಕು ಹಿಡಿದ ನೂರ ಅರವತ್ತು ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಹಳೆಯ ಗುಂಡುಗಳಿರಬೇಕೆಂದು ಜನ ತಿಳಿದಿದ್ದರು. ಅವು ಅಗ್ನಿಬಾಣಗಳೆಂದು ವಿದ್ವಾಂಸರು ಗುರುತಿಸಿದುದು ಹತ್ತು ವರ್ಷಗಳಿಗೂ ಮೇಲೆ. 2018ರ ಜುಲೈಯಲ್ಲಿ ಪುರಾತತ್ತ್ವ ಇಲಾಖೆಯ ಹದಿನೈದು ಮಂದಿ ಮೂರು ದಿನ ಅಗೆದಾಗ, ಸಾವಿರಕ್ಕೂ ಮಿಕ್ಕಿದ ಬಾಣಗಳು ರಾಶಿಯಾಗಿ ಹೊರಬಂದವು. ಒಂದೊಂದೂ 23ರಿಂದ 26 ಸೆಂಟಿಮೀಟರ್ ಉದ್ದ. ಬಾವಿಯ ಕೆಸರು ಇನ್ನೂ ಮದ್ದಿನ ವಾಸನೆಯನ್ನು ಬೀರುತ್ತಿದ್ದಿತಂತೆ. ಅವುಗಳನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಗಳುವಾಗಿದ್ದ ಬಿದಿರು ಮಣ್ಣಾಗಿ, ಕಬ್ಬಿಣವಷ್ಟೇ ಉಳಿದಿದೆ.